ಹಿಮ್ಮಡಿಗೆ ನೋವು, ಮೀನಖಂಡಕ್ಕೆ ಕತ್ತರಿ

ಚೆನ್ನೈನ ಟಿ. ನಗರದ ರಂಗನಾಥನ್ ಸ್ಟ್ರೀಟಿನಲ್ಲಿ ದೀಪಾವಳಿ ಹೊತ್ತಿಗೆ ನಡೆಯುವುದೆಂದರೆ ಜನ ನೂಕಿದ ಕಡೆಗೆ ಹೋಗುವುದು. ಸೀರೆ, ಸ್ಟೀಲ್ ಪಾತ್ರೆ, ಚಿನ್ನ, ಸೂಟ್‌ಕೇಸು ಎಲ್ಲವೂ ಸಾಲಾಗಿ ಸಿಗುವ ಆ ಬೀದಿಯಲ್ಲಿ ಗಿರಾಕಿಯ ಕಣ್ಣು ಕೌಂಟರಿನ ಮೇಲಿರುತ್ತದೆ, ಅದರ ಹಿಂದಿರುವ ಕಾಲುಗಳ ಮೇಲಲ್ಲ. ಬೆಳಿಗ್ಗೆ ಶಟರ್ ಎತ್ತಿದಾಗ ನಿಂತ ಸೇಲ್ಸ್ ಹುಡುಗಿಯರು ರಾತ್ರಿ ಅದು ಇಳಿಯುವತನಕ ನಿಂತೇ ಇರುವುದು ಇಲ್ಲಿ ಬಹುಕಾಲ ನಡೆದುಬಂದ ರೂಢಿ. ಈ ಬೀದಿಯ ಕೆಲಸಗಾರರ ಬದುಕನ್ನೇ ಕಥೆ ಮಾಡಿಕೊಂಡು ವಸಂತಬಾಲನ್ 2010ರಲ್ಲಿ ‘ಅಂಗಾಡಿ ತೆರು’ ಎಂಬ ತಮಿಳು ಸಿನಿಮಾ ತೆಗೆದರು. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡು ವಿಧಾನಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು. 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ ಅದು 22-ಎ ಎಂಬ ಹೊಸ ಕಲಂ ಸೇರಿಸಿ, ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ನೌಕರರಿಗೆಲ್ಲ ಆಸನ ಇರಬೇಕು ಎಂದಿತು. ಕೇರಳ ಇದನ್ನು 2018ರಲ್ಲೇ ಮಾಡಿತ್ತು. ಅದಕ್ಕಾಗಿ ಕೋಳಿಕೋಡಿನಲ್ಲಿ ವಿಜಿ ಎಂಬ ದರ್ಜಿ ಮತ್ತು ಅವರ ‘ಪೆಣ್‌ಕೂಟ್ಟ್’ ಸಂಘಟನೆ ವರ್ಷಗಟ್ಟಲೆ ಹೋರಾಡಿತ್ತು. ಕುರ್ಚಿಯ ಮೇಲೆ ಕೂರುವುದಕ್ಕೆ ಕಾನೂನು ಬೇಕಾಯಿತು ಎಂಬುದೇ ಆ ಕಾಲುಗಳ ಪಾಡನ್ನು ಹೇಳುತ್ತದೆ.

ನಿಂತು ದುಡಿಯುವ ಈ ಊರಿನಲ್ಲಿ ಕನ್ನಡದ ಕಾಲುಗಳೂ ಸಾಕಷ್ಟಿವೆ. ಉಡುಪಿ ಕಡೆಯಿಂದ ಬಂದ ಕೆ. ಕೃಷ್ಣರಾವ್ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಕೆಥೆಡ್ರಲ್ ರಸ್ತೆಯಲ್ಲಿ 1962ರಲ್ಲಿ ಶುರುವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರವರೆಗೆ ಮದ್ರಾಸಿನ ಹರಟೆಯ ತಾಣವಾಗಿತ್ತು. ಆ ಪರಂಪರೆಯ ಹೋಟೆಲುಗಳಲ್ಲಿ ದೋಸೆ ಕಾವಲಿಯ ಮುಂದೆ, ಕಾಫಿ ಫಿಲ್ಟರಿನ ಪಕ್ಕ, ಕಡಪ ಕಲ್ಲಿನ ನೆಲದ ಮೇಲೆ ದಿನವಿಡೀ ನಿಂತವರಿಗೆ ಒಂದು ನೋವು ಚೆನ್ನಾಗಿ ಗೊತ್ತು. ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ತಳದಲ್ಲಿ ಮೊಳೆ ಹೊಡೆದಂತಾಗುತ್ತದೆ. ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಸಡಿಲ. ಮಧ್ಯಾಹ್ನ ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ ಮೊಳೆ. ಗೋಡೆ ಹಿಡಿದುಕೊಂಡು ಬಾತ್‌ರೂಮಿಗೆ ಹೋಗುವ ಹಿರಿಯರನ್ನು ಕಂಡು ಮನೆಯವರು ಮಂಡಿನೋವು ಎಂದುಕೊಳ್ಳುವುದೂ ಉಂಟು.

ವೈದ್ಯರು ಇದಕ್ಕೆ ಪ್ಲಾಂಟಾರ್ ಫೇಸಿಯೈಟಿಸ್ ಎನ್ನುತ್ತಾರೆ. ಹಿಮ್ಮಡಿಯ ಮೂಳೆಯಿಂದ ಹೊರಟು ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಹರಡಿರುವ ಗಟ್ಟಿ ನಾರಿನ ಪಟ್ಟಿಯೇ ಪ್ಲಾಂಟಾರ್ ಫೇಷಿಯಾ. ಹೆಜ್ಜೆಯ ಕೊನೆಯಲ್ಲಿ ಬೆರಳುಗಳು ಮೇಲಕ್ಕೆ ಬಾಗಿದಾಗ ಈ ಪಟ್ಟಿ ಬಿಗಿದು, ಪಾದದ ಕಮಾನು ಎದ್ದುನಿಂತು, ಪಾದ ನೆಲವನ್ನು ತಳ್ಳುವಷ್ಟು ಗಟ್ಟಿಯಾಗುತ್ತದೆ. ಜೆ. ಎಚ್. ಹಿಕ್ಸ್ ಎಂಬ ಬ್ರಿಟಿಷ್ ವೈದ್ಯ 1954ರಲ್ಲಿ ಇದನ್ನು ವಿವರಿಸಿದರು. ದಿನಕ್ಕೆ ಸಾವಿರಾರು ಸಲ ಹೀಗೆ ಎಳೆಸಿಕೊಳ್ಳುವ ಪಟ್ಟಿ ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲೇ ಮೊದಲು ಸೋಲುತ್ತದೆ. ರೋಗದ ಹೆಸರಿನ ಬಾಲದಲ್ಲಿರುವ ‘ಐಟಿಸ್’ ಉರಿಯೂತವನ್ನು ಸೂಚಿಸುತ್ತದಾದರೂ, 2003ರಲ್ಲಿ ಹಾರ್ವೆ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಪ್ರಕರಣಗಳ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಉರಿಯೂತವಲ್ಲ, ಸವೆತ. ನೋವಿನ ಮಾತ್ರೆ ನುಂಗಿದಷ್ಟು ದಿನ ಸುಮ್ಮನಿದ್ದು, ನಿಲ್ಲಿಸಿದ ಮೇಲೆ ನೋವು ಮರಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ಮನೆಮದ್ದಿಗಂತೂ ಕೊರತೆಯಿಲ್ಲ. ಇಟ್ಟಿಗೆಯನ್ನು ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿಯನ್ನು ಒತ್ತಿ ಶಾಖ ಕೊಡುವುದು ತಮಿಳುನಾಡಿನಲ್ಲೂ ಉಂಟು, ಕರ್ನಾಟಕದಲ್ಲೂ ಉಂಟು. ಬಿಸಿ ತಾಗಿದ ಹೊತ್ತಿಗೆ ಹಾಯೆನಿಸುವುದು ನಿಜ. ಆದರೆ ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಮಂಕಾದವರು ಈ ಸಾಹಸಕ್ಕೆ ಇಳಿಯಲೇಬಾರದು. ಚರ್ಮ ಸುಟ್ಟದ್ದು ಅವರಿಗೆ ತಿಳಿಯುವುದು ಮರುದಿನ ಬೊಬ್ಬೆ ಎದ್ದ ಮೇಲೆ.

ಇನ್ನೊಂದು ಮದ್ದು ಎಂಸಿಆರ್ ಚಪ್ಪಲಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾಗಲಿ ಚೆನ್ನೈನ ಪ್ಯಾರೀಸ್ ಕಾರ್ನರಿನಲ್ಲಾಗಲಿ ‘ಹಿಮ್ಮಡಿ ನೋವಿಗೆ ಚಪ್ಪಲಿ’ ಎಂದು ಕೇಳಿದರೆ ಅಂಗಡಿಯವನು ಇದನ್ನೇ ತೋರಿಸುವ ಸಂಭವ ಹೆಚ್ಚು. ಆ ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರಿನ ಹಿಂದೆ ದೊಡ್ಡ ಕಥೆಯಿದೆ. ಚೆನ್ನೈನಿಂದ ಸುಮಾರು 140 ಕಿಲೋಮೀಟರ್ ದೂರದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸರ್ಜನ್ ಪಾಲ್ ಬ್ರಾಂಡ್ ಮತ್ತು ತಂಡ, ಹತ್ತಿರದ ಕರಿಗಿರಿಯ ಕುಷ್ಠರೋಗ ಆಸ್ಪತ್ರೆಯೊಂದಿಗೆ ಸೇರಿ, ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಿಗೆ ಹುಣ್ಣಾಗದಂತೆ ಈ ಬಗೆಯ ಪಾದರಕ್ಷೆಯನ್ನು ರೂಢಿಗೆ ತಂದಿತು. ನೋವೇ ಗೊತ್ತಾಗದವರಿಗಾಗಿ ಹುಟ್ಟಿದ ಚಪ್ಪಲಿ ಇವತ್ತು ನೋವು ತಾಳಲಾರದವರ ಕಾಲಲ್ಲಿದೆ. ಒಂದೇ ತೊಡಕು: ನಮ್ಮ ಮನೆಗಳಲ್ಲಿ ಚಪ್ಪಲಿ ಹೊಸ್ತಿಲಾಚೆಯೇ ಉಳಿಯುತ್ತದೆ, ಹಿಮ್ಮಡಿ ಮಾತ್ರ ಒಳಗೆ ಗ್ರಾನೈಟಿನ ಮೇಲೆ ತಿರುಗಾಡುತ್ತದೆ. ಮನೆಯೊಳಗೆಂದೇ ಬೇರೆ ಜೋಡಿ ಇಟ್ಟುಕೊಳ್ಳಿ ಎಂದು ವೈದ್ಯರು ಹೇಳಿದಾಗ ಅಜ್ಜಿಯನ್ನು ಒಪ್ಪಿಸುವುದು ಚುಚ್ಚುಮದ್ದು ಕೊಡುವುದಕ್ಕಿಂತ ಕಷ್ಟ.

ಸಮಾಧಾನದ ಸಂಗತಿಯೆಂದರೆ, ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಈ ನೋವು ಕತ್ತಿ ತಾಗದೆಯೇ ವರ್ಷದೊಳಗೆ ತಗ್ಗುತ್ತದೆ. ಚಪ್ಪಲಿ, ತೂಕ ಇಳಿಸುವುದು, ಸ್ಟ್ರೆಚಿಂಗ್, ರಾತ್ರಿ ಕಟ್ಟುವ ಸ್ಪ್ಲಿಂಟ್, ಬೇಕಾದರೆ ಶಾಕ್‌ವೇವ್ ಚಿಕಿತ್ಸೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಅಡಗಿಸುತ್ತದೆ; ಮತ್ತೆಮತ್ತೆ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ ಅಪಾಯವಿದೆ. ಎಕ್ಸ್-ರೇಯಲ್ಲಿ ಕಾಣುವ ಮುಳ್ಳಿನಂಥ ಮೂಳೆಯನ್ನು ಹಿಡಿದುಕೊಂಡು ‘ಮೂಳೆ ಬೆಳೆದುಬಿಟ್ಟಿದೆ’ ಎಂದು ಗಾಬರಿಯಾಗುವವರು ಬಹಳ. ನೋವೇ ಇಲ್ಲದ ಎಷ್ಟೋ ಹಿಮ್ಮಡಿಗಳಲ್ಲೂ ಆ ಮುಳ್ಳು ಇರುತ್ತದೆ. ಅದನ್ನು ಕೊರೆದು ತೆಗೆಸುವ ಆತುರ ಬೇಡ.

ವರ್ಷ ಕಳೆದರೂ ನೋವು ಬಿಡದ ಉಳಿದ ಒಬ್ಬಿಬ್ಬರ ಕಥೆ ಬೇರೆ. ಪಾದದ ತಜ್ಞರ ಎದುರು ಕೂತಾಗ ಅವರಲ್ಲಿ ಕೆಲವರಿಗೆ ವಿಚಿತ್ರವಾದ ಸಲಹೆ ಸಿಗುತ್ತದೆ: ಹಿಮ್ಮಡಿಯನ್ನು ಮುಟ್ಟುವುದಿಲ್ಲ, ಮಂಡಿಯ ಹಿಂದೆ ಮೀನಖಂಡದ ಮೇಲ್ತುದಿಯಲ್ಲಿ ಸಣ್ಣದೊಂದು ಕೊಯ್ತ ಹಾಕುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಯಾರಿಗಾದರೂ ನೆನಪಾಗಬೇಕಾದ ಗಳಿಗೆ ಅದು. ಆದರೆ ಇಲ್ಲಿ ಎತ್ತು ಎಮ್ಮೆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ.

ಮೀನಖಂಡ ಒಂದೇ ಮಾಂಸಖಂಡವಲ್ಲ. ಒಳಗಿರುವುದು ಸೋಲಿಯಸ್, ಅದು ಮಂಡಿಯ ಕೆಳಗೆ, ಕೆಳಗಾಲಿನ ಮೂಳೆಗಳಿಂದ ಹೊರಡುತ್ತದೆ. ಹೊರಗಿನದು ಗ್ಯಾಸ್ಟ್ರೊಕ್ನೀಮಿಯಸ್, ಇದರ ಎರಡು ತಲೆಗಳು ಮಂಡಿಯ ಮೇಲೆ, ತೊಡೆಮೂಳೆಯ ತುದಿಯಲ್ಲಿ ಬೇರೂರಿವೆ. ಎರಡೂ ಕೆಳಗೆ ಸೇರಿ ಅಕಿಲಿಸ್ ಟೆಂಡನ್ ಆಗಿ ಹಿಮ್ಮಡಿಯ ಮೂಳೆಯ ಹಿಂಬದಿಗೆ ಅಂಟುತ್ತವೆ. ಅದೇ ಮೂಳೆಯ ತಳದಿಂದ ಅಂಗಾಲಿನ ಪಟ್ಟಿ ಹೊರಡುತ್ತದೆ. ಅಂದರೆ ಹೊರಗಿನ ಖಂಡ ಮಂಡಿ, ಕಣಕಾಲು ಎರಡು ಕೀಲುಗಳನ್ನೂ ದಾಟುತ್ತದೆ. ಒಳಗಿನದು ಕಣಕಾಲನ್ನು ಮಾತ್ರ. ನಡೆಯುವಾಗ ಊರಿದ ಕಾಲಿನ ಮೇಲೆ ದೇಹ ಮುಂದಕ್ಕೆ ಸಾಗುವ ಹೊತ್ತಿನಲ್ಲಿ ಮಂಡಿ ನೆಟ್ಟಗಿರುತ್ತದೆ, ಕಣಕಾಲು ಹತ್ತು ಡಿಗ್ರಿಯಷ್ಟು ಬಾಗಬೇಕಾಗುತ್ತದೆ. ಗ್ಯಾಸ್ಟ್ರೊಕ್ನೀಮಿಯಸ್ ಗಿಡ್ಡವಾಗಿದ್ದರೆ ಅದು ಸಡಿಲ ಬಿಡುವುದಿಲ್ಲ. ಹಿಮ್ಮಡಿ ಬೇಗನೆ ಎದ್ದುಬಿಡುತ್ತದೆ, ಭಾರವೆಲ್ಲ ಪಾದದ ಮುಂಭಾಗಕ್ಕೆ ಜಾರುತ್ತದೆ, ಪಟ್ಟಿ ಜಗ್ಗಿಸಿಕೊಳ್ಳುತ್ತದೆ. 2003ರಲ್ಲಿ ಡೇನಿಯಲ್ ರಿಡ್ಲ್ ಮತ್ತಿತರರು ಅಮೆರಿಕದಲ್ಲಿ ನಡೆಸಿದ ಅಧ್ಯಯನ ಈ ನೋವಿಗೆ ಮೂರು ಮುಖ್ಯ ಅಪಾಯಗಳನ್ನು ಗುರುತಿಸಿತು: ಕಣಕಾಲು ಮೇಲಕ್ಕೆ ಬಾಗದಿರುವುದು, ಹೆಚ್ಚಿದ ದೇಹತೂಕ, ಮತ್ತು ಕೆಲಸದ ಹೊತ್ತಿನ ಬಹುಪಾಲು ನಿಂತೇ ಕಳೆಯುವುದು. ಬಾಗದ ಕಣಕಾಲೇ ಅವುಗಳಲ್ಲಿ ದೊಡ್ಡದು.

ಹಾಗಾದರೆ ಯಾರ ಖಂಡ ಬಿಗಿ, ಯಾರದ್ದಲ್ಲ? ಇದನ್ನು ತಿಳಿಯಲು ಎಂಆರ್‌ಐ ಬೇಡ. ರೋಗಿ ಮಂಚದ ಮೇಲೆ ಅಂಗಾತ ಮಲಗುತ್ತಾರೆ. ವೈದ್ಯರು ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಪಾದ ಒಳಕ್ಕೂ ಹೊರಕ್ಕೂ ವಾಲದಂತೆ ನೇರ ಇಟ್ಟು, ಮಂಡಿ ಚಾಚಿದಂತೆಯೇ ಪಾದವನ್ನು ಮೇಲಕ್ಕೆ ಒತ್ತುತ್ತಾರೆ. ಖಂಡ ಬಿಗಿಯಾಗಿದ್ದರೆ ನೆಟ್ಟಗೆ ನಿಲ್ಲುವ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಮುಂಚೆಯೇ, ಪಾದ ನಿಂತುಬಿಡುತ್ತದೆ. ಈಗ ಮಂಡಿ ಮಡಚಿ ಅದೇ ಒತ್ತಡ ಕೊಟ್ಟರೆ ಪಾದ ಸಲೀಸಾಗಿ ಮೇಲೇರುತ್ತದೆ. ಮಂಡಿ ಮಡಚಿದಾಗ ಸಡಿಲವಾಗುವುದು ಎರಡು ಕೀಲು ದಾಟುವ ಗ್ಯಾಸ್ಟ್ರೊಕ್ನೀಮಿಯಸ್ ಒಂದೇ. ಆದ್ದರಿಂದ ಕಳ್ಳ ಅದೇ. ಮಂಡಿ ಮಡಚಿದರೂ ಪಾದ ಏರದಿದ್ದರೆ ಬಿಗಿತ ಸೋಲಿಯಸ್‌ನಲ್ಲೂ ಇರಬಹುದು, ಇಲ್ಲವೇ ಕೀಲಿನಲ್ಲೇ ತೊಂದರೆ ಇರಬಹುದು. ಅಂಥವರಿಗೆ ಈ ಸಣ್ಣ ಕೊಯ್ತದಿಂದ ಪ್ರಯೋಜನವಿಲ್ಲ. ಇಡೀ ನಿರ್ಧಾರ ನಿಂತಿರುವುದು ಈ ಎರಡು ನಿಮಿಷದ ಪರೀಕ್ಷೆಯ ಮೇಲೆ.

ಇದನ್ನು ಸಿಲ್ವರ್‌ಶೋಲ್ಡ್ ಪರೀಕ್ಷೆ ಎನ್ನುತ್ತಾರೆ. ಸ್ವೀಡನ್ನಿನ ಮೂಳೆತಜ್ಞ ನಿಲ್ಸ್ ಸಿಲ್ವರ್‌ಶೋಲ್ಡ್ 1924ರಲ್ಲಿ ಸೆಟೆದ ಕಾಲುಗಳ ಚಿಕಿತ್ಸೆ ಕುರಿತು ಬರೆದ ಲೇಖನದಿಂದ ಬಂದ ಹೆಸರು. ಆತ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಿಮ್ನಾಸ್ಟಿಕ್ಸ್ ತಂಡದಲ್ಲಿದ್ದವರು. ಮೈ ಬಾಗಿಸುವುದನ್ನು ಅಂಕಣದಲ್ಲಿ ಕಲಿತವರೇ ಬಾಗದ ಕಾಲಿನ ಗುಟ್ಟು ಹೇಳಿದ್ದು ಸೊಗಸು.

‘ನಾನು ಆರಾಮಾಗಿ ಕುಕ್ಕರಗಾಲಲ್ಲಿ ಕೂರುತ್ತೇನೆ, ಹಿಮ್ಮಡಿ ನೆಲಕ್ಕೆ ತಾಗುತ್ತದೆ, ನನ್ನ ಮೀನಖಂಡ ಹೇಗೆ ಬಿಗಿಯಾದೀತು?’ ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಸಹಜ. ಕುಕ್ಕರಗಾಲಲ್ಲಿ ಮಂಡಿ ಪೂರ್ತಿ ಮಡಚಿರುತ್ತದೆ. ಅಲ್ಲಿ ಎಳೆಸಿಕೊಳ್ಳುವುದು ಸೋಲಿಯಸ್. ಗ್ಯಾಸ್ಟ್ರೊಕ್ನೀಮಿಯಸ್ ಸಡಿಲ ಬಿದ್ದಿರುತ್ತದೆ. ಭರತನಾಟ್ಯದ ಅರಮಂಡಿಗೂ ಇದೇ ಲೆಕ್ಕ. ತಿರುವಾನ್ಮಿಯೂರಿನ ಕಲಾಕ್ಷೇತ್ರದಲ್ಲಿ ಗಂಟೆಗಟ್ಟಲೆ ಅರಮಂಡಿಯಲ್ಲಿ ತಟ್ಟಡವು ಮಾಡುವ ವಿದ್ಯಾರ್ಥಿನಿಗೆ ಮಡಚಿದ ಮಂಡಿಯಲ್ಲಿ ಕಣಕಾಲು ಚೆನ್ನಾಗಿ ಬಾಗಬಹುದು. ಮಂಡಿ ಚಾಚಿ ನೋಡಿದಾಗಲೇ ಬಿಗಿತ ಹೊರಬೀಳುವುದು. ನೆಲದ ಮೇಲೆ ಕೂತು ಏಳುವವರ ಕಾಲು ಸದಾ ಸಡಿಲ ಎಂಬ ನಮ್ಮ ಹೆಮ್ಮೆ ಅರ್ಧ ಮಾತ್ರ ನಿಜ.

ಖಂಡವನ್ನು ಉದ್ದ ಮಾಡುವ ಶಸ್ತ್ರಚಿಕಿತ್ಸೆ ಹೊಸದೇನಲ್ಲ. ಜರ್ಮನಿಯ ವುಲ್ಪಿಯಸ್ ಮತ್ತು ಸ್ಟೋಫೆಲ್ 1913ರಲ್ಲೇ ಒಂದು ಬಗೆಯನ್ನು ವಿವರಿಸಿದ್ದರು. ಅಮೆರಿಕದ ಸ್ಟ್ರೇಯರ್ 1950ರಲ್ಲಿ ಇನ್ನೊಂದನ್ನು. ಆಗ ಅದು ಮುಖ್ಯವಾಗಿ ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿಂದ ತುದಿಗಾಲಲ್ಲೇ ನಡೆಯುವ ಮಕ್ಕಳಿಗಾಗಿ ಇತ್ತು. ನರದ ಕಾಯಿಲೆ ಏನೂ ಇಲ್ಲದ, ಕೇವಲ ಪಾದ ನೋಯುವ ದೊಡ್ಡವರಲ್ಲೂ ಈ ಬಿಗಿತ ಇದೆ ಎಂಬುದು ಗಮನಕ್ಕೆ ಬಂದದ್ದು ಬಹಳ ತಡವಾಗಿ. 2002ರಲ್ಲಿ ಕ್ರಿಸ್ಟಫರ್ ಡಿಜಿಯೊವಾನಿ ಮತ್ತು ಸಂಗಡಿಗರು ಪಾದದ ಮುಂಭಾಗ ಅಥವಾ ಮಧ್ಯಭಾಗ ನೋಯುವ 34 ಜನರನ್ನೂ ನೋವಿಲ್ಲದ 34 ಜನರನ್ನೂ ಹೋಲಿಸಿದರು. ಮಂಡಿ ಚಾಚಿದಾಗ ಐದು ಡಿಗ್ರಿಯೂ ಬಾಗದವರು ನೋವಿನ ಗುಂಪಿನಲ್ಲಿ ಶೇ 65, ಇನ್ನೊಂದರಲ್ಲಿ ಶೇ 24. ನೋವಿಲ್ಲದವರಲ್ಲೂ ಕಾಲುಭಾಗದಷ್ಟು ಜನಕ್ಕೆ ಬಿಗಿತವಿತ್ತು ಎಂಬ ಎರಡನೆಯ ಅಂಕಿಯನ್ನು ಮರೆಯಬಾರದು. ಬಿಗಿತ ಇದ್ದ ಮಾತ್ರಕ್ಕೆ ಕತ್ತಿ ಎತ್ತುವುದು ತಪ್ಪು.

ಮಂಡಿಯ ಹಿಂದೆ, ಒಳಬದಿಯ ತಲೆಯನ್ನು ಮಾತ್ರ ಸಡಿಲಿಸುವ ವಿಧಾನವನ್ನು ಜನಪ್ರಿಯಗೊಳಿಸಿದವರು ಫ್ರಾನ್ಸಿನ ಬೋರ್ಡೊ ನಗರದ ಬರೂಕ್ ಹೆಸರಿನ ಸರ್ಜನ್ನರು. ಬ್ರಿಟನ್ನಿನಲ್ಲಿ ಅಬ್ಬಾಸಿಯನ್, ಮ್ಯಾಥ್ಯೂ ಸೋಲನ್ ಮೊದಲಾದವರು 17 ರೋಗಿಗಳ 21 ಹಿಮ್ಮಡಿಗಳಿಗೆ ಇದನ್ನು ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. 17 ಹಿಮ್ಮಡಿಗಳಲ್ಲಿ ನೋವು ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಹೋಗಿತ್ತು. ನಾರ್ವೆಯ ಮೊಲುಂಡ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು: ಒಂದಕ್ಕೆ ಸ್ಟ್ರೆಚಿಂಗ್ ಮಾತ್ರ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯ ಜತೆ ಸ್ಟ್ರೆಚಿಂಗ್. ವರ್ಷದ ಕೊನೆಯಲ್ಲಿ ಎರಡನೆಯ ಗುಂಪು ಸ್ಪಷ್ಟವಾಗಿ ಮುಂದಿತ್ತು. ಭರವಸೆಯ ಫಲಿತಾಂಶಗಳೇ. ಆದರೆ ಸಂಖ್ಯೆ ಚಿಕ್ಕದು, ಮತ್ತು ಇವರೆಲ್ಲ ಬೇರೆ ಚಿಕಿತ್ಸೆಗೆ ನೋವು ಬಗ್ಗದೆ, ಪರೀಕ್ಷೆಯಲ್ಲಿ ಬಿಗಿತ ಖಚಿತವಾದ ಮೇಲೆ ಆಯ್ಕೆಯಾದವರು. ನೋವು ಶುರುವಾಗಿ ಮೂರೇ ತಿಂಗಳಾದವರು ಈ ಅಂಕಿಗಳನ್ನು ತಮ್ಮದೆಂದು ತಿಳಿಯಬೇಕಿಲ್ಲ.

ಆಪರೇಷನ್ ಥಿಯೇಟರಿನೊಳಗೆ ನಡೆಯುವುದು ಹೀಗೆ. ರೋಗಿಯನ್ನು ಸಾಮಾನ್ಯವಾಗಿ ಬೋರಲಾಗಿ ಮಲಗಿಸುತ್ತಾರೆ. ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆ ಸಾಕಾಗುತ್ತದೆ. ಕೆಲವರು ಆ ಜಾಗವನ್ನಷ್ಟೇ ಮರಗಟ್ಟಿಸಿ ಮಂಪರಿನ ಔಷಧ ಕೊಡುತ್ತಾರೆ. ಮಂಡಿಯ ಹಿಂದಿನ ಮಡಿಕೆಯ ಹತ್ತಿರ, ಒಳಬದಿಗೆ, ಮೂರು ನಾಲ್ಕು ಸೆಂಟಿಮೀಟರಿನ ಅಡ್ಡಕೊಯ್ತ. ಚರ್ಮದ ಗೆರೆಯಲ್ಲೇ ಕೊಯ್ಯುವುದರಿಂದ ಕಲೆ ಆಮೇಲೆ ಅಷ್ಟಾಗಿ ಕಾಣುವುದಿಲ್ಲ. ಕೊಬ್ಬು ಸರಿಸಿ, ಹೊದಿಕೆಯನ್ನು ಬಿಡಿಸಿದಾಗ ಖಂಡದ ಒಳತಲೆಯ ಮೇಲೆ ಬಿಳಿಯ, ಹೊಳೆಯುವ ನಾರಿನ ಪದರ ಕಾಣುತ್ತದೆ. ಕತ್ತರಿಸುವುದು ಅದನ್ನು ಮಾತ್ರ. ಕೆಳಗಿನ ಕೆಂಪು ಮಾಂಸವನ್ನು ಬಿಡುತ್ತಾರೆ. ಸಹಾಯಕ ವೈದ್ಯರು ಪಾದವನ್ನು ಮೇಲಕ್ಕೆ ಒತ್ತಿದ ಕೂಡಲೇ ಕತ್ತರಿಸಿದ ಬಿಳಿಯ ಅಂಚುಗಳು ದೂರ ಸರಿದು ನಡುವೆ ಕೆಂಪು ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಅಷ್ಟು ಹೊತ್ತು ಹಟ ಮಾಡುತ್ತಿದ್ದ ಪಾದ ಅಲ್ಲೇ ಕೆಲವು ಡಿಗ್ರಿ ಮೇಲೇರುತ್ತದೆ. ಹೊಲಿಗೆ, ಬ್ಯಾಂಡೇಜು, ಮುಗಿಯಿತು. ಮಂಡಿಯ ಹಿಂಬದಿಯ ನಟ್ಟನಡುವೆ ದೊಡ್ಡ ರಕ್ತನಾಳ ಮತ್ತು ನರ ಹಾದುಹೋಗುವುದರಿಂದ ಕತ್ತಿ ಒಳಬದಿಯಲ್ಲೇ ಇರಬೇಕು. ಅಂಗರಚನೆ ಬಲ್ಲ ಕೈಗೆ ಇದು ಚಿಕ್ಕ ಆಪರೇಷನ್, ಬಾರದವರಿಗೆ ಅಲ್ಲ.

ಸ್ಟ್ರೇಯರ್ ವಿಧಾನದಲ್ಲಿ ಕೊಯ್ತ ಇನ್ನೂ ಕೆಳಗೆ, ಮೀನಖಂಡದ ನಡುಭಾಗದಲ್ಲಿ ಬೀಳುತ್ತದೆ. ಉದ್ದ ಹೆಚ್ಚು ಸಿಗುತ್ತದೆ, ಬೆಲೆಯೂ ಹೆಚ್ಚು: ಕೆಲವು ವಾರ ಬೂಟಿನಂಥ ಪಟ್ಟಿ ಕಟ್ಟಿಕೊಳ್ಳಬೇಕು, ಪಕ್ಕದಲ್ಲೇ ಹರಿಯುವ ಸ್ಯೂರಲ್ ನರಕ್ಕೆ ಪೆಟ್ಟಾದರೆ ಪಾದದ ಹೊರಅಂಚು ಜೋಮು ಹಿಡಿಯುತ್ತದೆ, ಕಾಲಿನ ಬಲ ಮರಳುವುದು ನಿಧಾನ. ಯಾವುದನ್ನು ಮಾಡುತ್ತೀರಿ, ಏಕೆ ಎಂದು ವೈದ್ಯರನ್ನು ಕೇಳುವುದು ಅಧಿಕಪ್ರಸಂಗವಲ್ಲ.

ಮಂಡಿ ಹಿಂದಿನ ಕೊಯ್ತವಾದರೆ ಅದೇ ದಿನ ಇಲ್ಲವೇ ಮರುದಿನ ಕಾಲೂರಿ ನಡೆಸುತ್ತಾರೆ. ಇದನ್ನು ಕಂಡು ಮನೆಯವರು ‘ಆಯ್ತಲ್ಲ’ ಎಂದುಬಿಡುತ್ತಾರೆ. ಆಗಿರುವುದಿಲ್ಲ. ಮೊದಲ ಎರಡು ಮೂರು ದಿನ ಖಂಡ ಕಲ್ಲಿನಂತಿರುತ್ತದೆ. ಕಾಲು ಎತ್ತರದಲ್ಲಿಟ್ಟು, ಪಾದವನ್ನು ಮೇಲೆ ಕೆಳಗೆ ಆಡಿಸುತ್ತಾ ಇರಬೇಕು. ಮಲಗುವಾಗ ಮಂಡಿಯ ಕೆಳಗೆ ದಿಂಬು ತುರುಕುವ ಅಕ್ಕರೆ ಇಲ್ಲಿ ಕೆಲಸ ಕೆಡಿಸುತ್ತದೆ. ಮಂಡಿ ಮಡಚಿದರೆ ಖಂಡ ಸಡಿಲ ಬೀಳುತ್ತದೆ, ಸಡಿಲ ಬಿದ್ದಂತೆಯೇ ಗಾಯ ಕೂಡಿಕೊಂಡರೆ ಹಳೆಯ ಗಿಡ್ಡತನ ಮರಳುತ್ತದೆ. ದಿಂಬು ಬೇಕಿದ್ದರೆ ಕಣಕಾಲಿನ ಕೆಳಗೆ. ರಾತ್ರಿ ಪಾದ ಕೆಳಕ್ಕೆ ಜೋತುಬೀಳದಂತೆ ಸ್ಪ್ಲಿಂಟು ಕಟ್ಟಲು ಹೇಳುವುದೂ ಇದೇ ಕಾರಣಕ್ಕೆ.

ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಆ ತನಕ ಚೆನ್ನೈನ ಹವೆಯೇ ಒಂದು ಪರೀಕ್ಷೆ. ಮಂಡಿಯ ಹಿಂದಿನ ಮಡಿಕೆಯಲ್ಲಿ ಬೆವರು ನಿಲ್ಲದ ದಿನ ಈ ಊರಲ್ಲಿ ಕಡಿಮೆ. ಬಕೆಟ್ ಸ್ನಾನಕ್ಕೆ ಪ್ಲಾಸ್ಟಿಕ್ ಕವರು ಸುತ್ತಿ, ಮೇಲೆ ಟೇಪು ಅಂಟಿಸಿ, ಆಮೇಲೆ ಒಣಗಿಸಿಕೊಳ್ಳುವ ಶಿಸ್ತು ಬೇಕು. ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರು ಮಳೆಯಲ್ಲಿ ರಸ್ತೆ ನೀರು ಕಣಕಾಲಿಗೇರುವ ಬಡಾವಣೆಯವರಾದರೆ, ತುರ್ತಿಲ್ಲದ ಈ ಆಪರೇಷನ್ನನ್ನು ಜನವರಿಗೆ ಮುಂದೂಡಬಾರದೇಕೆ ಎಂದು ಕೇಳುವುದು ಜಾಣತನ. ನೆಲದ ಕಕ್ಕಸು, ಚಕ್ಕಳಮಕ್ಕಳದ ಊಟ ಎರಡೂ ಕೆಲವು ವಾರ ಕಷ್ಟ. ದ್ವಿಚಕ್ರ ವಾಹನ ಅದಕ್ಕೂ ಆಮೇಲೆ. ಸಿಗ್ನಲ್ಲಿನಲ್ಲಿ ಗಾಡಿಯ ಭಾರವೆಲ್ಲ ಹಠಾತ್ತನೆ ಒಂದು ಮೀನಖಂಡಕ್ಕೆ ಬೀಳುತ್ತದೆ ಎಂಬುದು ಬಿದ್ದಾಗಲೇ ಗೊತ್ತಾಗುವುದು. ಮೀನಖಂಡ ಒಂದೇ ಸಮನೆ ಊದಿಕೊಂಡು ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಬೇಕು, ರಕ್ತ ಹೆಪ್ಪುಗಟ್ಟಿರಬಹುದು.

ಎರಡನೆಯ ವಾರದ ಹೊತ್ತಿಗೆ ಫಿಸಿಯೋಥೆರಪಿ ಬಲ ಪಡೆಯುತ್ತದೆ. ಗೋಡೆಗೆ ಎರಡೂ ಅಂಗೈ ಊರಿ, ಆಪರೇಷನ್ ಆದ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ, ಮಂಡಿ ಮಡಚದೆ ಮುಂದಕ್ಕೆ ಬಾಗುವುದು. ಮಂಡಿ ಮಡಚದೆ ಎಂಬಲ್ಲೇ ಇಡೀ ವ್ಯಾಯಾಮದ ಸಾರವಿದೆ; ನೋವು ತಪ್ಪಿಸಿಕೊಳ್ಳಲು ಎಲ್ಲರೂ ಕಳ್ಳತನದಲ್ಲಿ ಮಡಚುವುದೂ ಅದನ್ನೇ. ಅಂಗಾಲಿನ ಪಟ್ಟಿಗೆ ಬೇರೆ ಪಾಠ: ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮುನ್ನವೇ ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ, ಬೆರಳುಗಳನ್ನು ಮೇಲಕ್ಕೆಳೆದು ಹತ್ತು ಎಣಿಸುವುದು, ಹಾಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. 2003ರಲ್ಲಿ ಬೆನೆಡಿಕ್ಟ್ ಡಿಜಿಯೊವಾನಿ ತಂಡ 101 ರೋಗಿಗಳಲ್ಲಿ ಪರೀಕ್ಷಿಸಿದ ವಿಧಾನವಿದು. ಆಮೇಲೆ ಬಲದ ಸರದಿ. ಡೆನ್ಮಾರ್ಕಿನ ರಾತ್ಲೆಫ್ ತಂಡ 48 ರೋಗಿಗಳ ಅಧ್ಯಯನದಲ್ಲಿ (2015) ಬಳಸಿದ ಕಸರತ್ತು ಮನೆಯ ಮೆಟ್ಟಿಲಲ್ಲೇ ಸಾಧ್ಯ: ಸುತ್ತಿದ ಟವೆಲಿನ ಮೇಲೆ ಬೆರಳಿಟ್ಟು, ಒಂಟಿಕಾಲಲ್ಲಿ ಮೂರು ಸೆಕೆಂಡು ಏರಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ಇಳಿಯುವುದು, ದಿನ ಬಿಟ್ಟು ದಿನ. ಅದು ಆಪರೇಷನ್ ಇಲ್ಲದವರಿಗಾಗಿ ಮಾಡಿದ ಅಧ್ಯಯನ. ಆಪರೇಷನ್ ಆದವರು ಫಿಸಿಯೋ ಹೇಳಿದ ಮೇಲೆಯೇ ಇದಕ್ಕೆ ಕೈ ಹಾಕಬೇಕು. ಒಂಟಿಕಾಲಲ್ಲಿ ತುದಿಗಾಲೇರುವ ಬಲ ಪೂರ್ತಿ ಬರಲು ಆರು ತಿಂಗಳಿಂದ ವರ್ಷ ಹಿಡಿಯಬಹುದು.

ಹಿಮ್ಮಡಿಯ ನೋವೂ ಮರುದಿನವೇ ಮಾಯವಾಗುವುದಿಲ್ಲ. ಎಳೆತ ತಪ್ಪಿದ್ದು ಇವತ್ತು; ಸವೆದ ಪಟ್ಟಿ ಚೇತರಿಸಿಕೊಳ್ಳಲು ಅದರದೇ ತಿಂಗಳುಗಳು ಬೇಕು. ಆರನೆಯ ವಾರದಲ್ಲಿ ‘ದುಡ್ಡು ದಂಡ’ ಎನ್ನುವವರು ಆರನೆಯ ತಿಂಗಳಲ್ಲಿ ಮಾತು ಬದಲಿಸುವುದುಂಟು, ಬದಲಿಸದವರೂ ಉಂಟು. ಅಬ್ಬಾಸಿಯನ್ ಲೆಕ್ಕದಲ್ಲೇ 21ರಲ್ಲಿ ನಾಲ್ಕು ಹಿಮ್ಮಡಿಗಳು ಅಂಥವು.

ಸಕ್ಕರೆ ಕಾಯಿಲೆಯವರ ವಿಷಯ ಬೇರೆಯದೇ ಅಧ್ಯಾಯ. ಪ್ರೊ. ಎಂ. ವಿಶ್ವನಾಥನ್ 1954ರಲ್ಲಿ ರಾಯಪುರಂನಲ್ಲಿ ಮಧುಮೇಹಕ್ಕೆಂದೇ ಆಸ್ಪತ್ರೆ ಕಟ್ಟಿದ ಊರಿದು; ಪಾದದ ಹುಣ್ಣಿನ ಸಂಕಟ ಇಲ್ಲಿಗೆ ಹೊಸದಲ್ಲ. ಅಂಥವರಲ್ಲಿ ಬಿಗಿ ಮೀನಖಂಡ ನೋವಿಗಿಂತ ಹುಣ್ಣಿಗೆ ದಾರಿ: ಭಾರವೆಲ್ಲ ಪಾದದ ಮುಂಭಾಗಕ್ಕೆ ಬಿದ್ದು ಚರ್ಮ ಒಡೆಯುತ್ತದೆ. ಅಮೆರಿಕದ ಮುಲ್ಲರ್ ತಂಡ 2003ರಲ್ಲಿ 64 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಪಾದಕ್ಕೆ ಮೈಗಂಟಿದಂತೆ ಪ್ಲಾಸ್ಟರ್ ಹಾಕಿ ಹುಣ್ಣು ಮಾಯಿಸಿದವರಲ್ಲಿ ಎರಡು ವರ್ಷದೊಳಗೆ ಶೇ 81 ಮಂದಿಗೆ ಹುಣ್ಣು ಮರಳಿತು. ಪ್ಲಾಸ್ಟರಿನ ಜತೆ ಅಕಿಲಿಸ್ ಟೆಂಡನ್ನನ್ನೂ ಉದ್ದ ಮಾಡಿಸಿಕೊಂಡವರಲ್ಲಿ ಶೇ 38ಕ್ಕೆ. ಆ ಪ್ಲಾಸ್ಟರನ್ನು ಕುಷ್ಠರೋಗಿಗಳ ಹುಣ್ಣಿಗೆ ಬಳಸಿ, 1960ರ ದಶಕದಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲೂ ಪ್ರಚಾರ ಮಾಡಿದವರು ಚಪ್ಪಲಿಯ ಕಥೆಯಲ್ಲಿ ಬಂದ ಅದೇ ವೆಲ್ಲೂರಿನ ಬ್ರಾಂಡ್.

ಇನ್ನು ಉಳಿದದ್ದು ಸಂಬಳದ ಮಾತು. ಮೇಜಿನ ಕೆಲಸದವರು ಒಂದೆರಡು ವಾರಕ್ಕೆ ಆಫೀಸಿಗೆ ಮರಳುತ್ತಾರೆ. ಕಾವಲಿಯ ಮುಂದೆ, ಜವಳಿ ಕೌಂಟರಿನ ಹಿಂದೆ ನಿಲ್ಲಬೇಕಾದವರಿಗೆ ಆರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಈ ನೋವು ಯಾರಿಗೆ ಹೆಚ್ಚೋ ಅವರಿಗೇ ಇಷ್ಟು ರಜೆ ದುಬಾರಿ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ, ವಂತಿಗೆಯ ದಿನಗಳ ಷರತ್ತು ಪೂರೈಸಿದವರಿಗೆ ಕಾಯಿಲೆಯ ರಜೆಯಲ್ಲಿ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಚೆನ್ನೈನಲ್ಲಿ ಕೆ.ಕೆ. ನಗರ ಮತ್ತು ಅಯನಾವರಂನಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ದಿನಾಂಕ ಗೊತ್ತುಮಾಡುವ ಮೊದಲೇ ಈ ಕಾಗದಪತ್ರ ವಿಚಾರಿಸಿಕೊಳ್ಳುವುದು ಒಳ್ಳೆಯದು. ಡಿಸ್ಚಾರ್ಜ್ ಚೀಟಿಯಲ್ಲಿ ‘ವಿಶ್ರಾಂತಿ’ ಎಂದಷ್ಟೇ ಬರೆಸಿಕೊಂಡು ಬರುವ ಬದಲು, ಎಷ್ಟು ವಾರ ನಿಂತು ಮಾಡುವ ಕೆಲಸ ಕೂಡದು, ಆಮೇಲೆ ಎಷ್ಟು ಹೊತ್ತಿಗೊಮ್ಮೆ ಕೂರಬೇಕು ಎಂದು ವೈದ್ಯರಿಂದ ಬಿಡಿಸಿ ಬರೆಸಿಕೊಂಡರೆ, ಅಂಗಡಿಯ ಮ್ಯಾನೇಜರಿಗೆ 22-ಎ ಕಲಮಿನ ಜತೆಗೆ ಅದನ್ನೂ ತೋರಿಸಬಹುದು.